ಹೇಳಿಕೊಳ್ಳಲಾಗದ ಕಾಯಿಲೆ: ಮೂಲವ್ಯಾಧಿ ಬಗ್ಗೆ ತಿಳಿಯೋಣ



ನಗರಗೆರೆ ಹೋಬಳಿಯ ಒಂದು ಹಳ್ಳಿಯಲ್ಲಿ ಸಂಘದ ಸಭೆ ನಡೆದಿತ್ತು. ಉಳಿತಾಯ ಕಟ್ಟಿದ್ದಾಯಿತು, ಪುಸ್ತಕ ಬರೆದದ್ದಾಯಿತು. ಎಲ್ಲರೂ ಚಾಪೆಯ ಮೇಲೆ ಕೂತಿದ್ದರೆ ಒಬ್ಬ ತಾಯಿ ಮಾತ್ರ ಗೋಡೆಗೆ ಒರಗಿ ನಿಂತೇ ಇದ್ದರು. "ಕೂತ್ಕೊಳ್ಳಮ್ಮ" ಅಂದೆ. "ಇಲ್ಲ ಸಿಸ್ಟರ್, ನಿಂತ್ರೇ ಸರಿ" ಅಂದರು. ಮುಖ ಬಿಳುಚಿಕೊಂಡಿತ್ತು. ಸಭೆ ಮುಗಿದ ಮೇಲೆ ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದು ಬಂದರು. ದಾರಿಯಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದರು: "ಎರಡು ವರ್ಷ ಆಯ್ತು ಸಿಸ್ಟರ್, ಕಕ್ಕಸಿಗೆ ಹೋದ್ರೆ ರಕ್ತ ಬೀಳುತ್ತೆ. ಮನೆಯವರಿಗೂ ಹೇಳಿಲ್ಲ."

ಆಮೇಲೆ ಇನ್ನೊಂದು ವಿಷಯ ಹೊರಬಿತ್ತು. ಹಿಂದಿನ ವರ್ಷ ಅವರು ಮೇಕೆ ತರಲು ಅಂತ ಸಂಘದಿಂದ 15,000 ರೂಪಾಯಿ ಸಾಲ ತಗೊಂಡಿದ್ದರು. ಮೇಕೆ ಬರಲೇ ಇಲ್ಲ. ಆ ಹಣ "ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ" ಅಂತ ಬೋರ್ಡು ಹಾಕಿಕೊಂಡ ಒಬ್ಬನ ಕೈಗೆ ಹೋಗಿತ್ತು. ಅವನು ಎರಡು ಇಂಜೆಕ್ಷನ್ ಕೊಟ್ಟು, ಒಂದು ಪುಡಿ ಕೊಟ್ಟು ಕಳಿಸಿದ್ದ. ಹದಿನೈದು ದಿನ ಉರಿ ತಡೆಯಲಾರದೆ ಮಲಗಿದ್ದರಂತೆ. ರಕ್ತ ನಿಲ್ಲಲಿಲ್ಲ, ಸಾಲ ಮಾತ್ರ ಉಳಿಯಿತು. ನಾವು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅವರ ಹಿಮೋಗ್ಲೋಬಿನ್ 6 ಗ್ರಾಂ ಇತ್ತು. ಗರ್ಭಿಣಿಯಲ್ಲದ ಹೆಂಗಸಿಗೆ ಕನಿಷ್ಠ 12 ಇರಬೇಕು. ಮೊದಲು ರಕ್ತ ಕೊಟ್ಟು, ಆಮೇಲೆ ಚಿಕಿತ್ಸೆ ಕೊಡಬೇಕಾಯಿತು.

ಆ ತಾಯಿಯ ಒಪ್ಪಿಗೆ ತಗೊಂಡು, ಹೆಸರು ಊರು ಬಿಟ್ಟು, ಈ ಲೇಖನ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ಬೇರೆ ಎರಡು ಸಂಘಗಳಲ್ಲಿ ಇದೇ ವಿಷಯ ಎತ್ತಿದೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಪಕ್ಕಕ್ಕೆ ಕರೆದು "ನನಗೂ ಇದೆ" ಅಂದರು. ಹತ್ತಿರ ಹತ್ತಿರ ಇಪ್ಪತ್ತು ಜನರಲ್ಲಿ ಆರು ಜನ! ಅವರಲ್ಲಿ ಒಬ್ಬರೂ ವೈದ್ಯರಿಗೆ ತೋರಿಸಿರಲಿಲ್ಲ.

ಮೂಲವ್ಯಾಧಿ ಎಂದರೇನು?

ನಮ್ಮ ಕಡೆ ಇದಕ್ಕೆ ಮೂಲ, ಮೊಳೆ ಅಂತಾರೆ. ತೆಲುಗು ಮಾತಾಡುವ ಮನೆಗಳಲ್ಲಿ ಮೊಲಲು ಅಂತಾರೆ. ಡಾಕ್ಟರು ಪೈಲ್ಸ್ ಅಂತಾರೆ. ಯಾವ ಹೆಸರಿಂದ ಕರೆದರೂ ಕಾಯಿಲೆ ಒಂದೇ.

ಮಲ ಹೊರಬರುವ ದಾರಿಯ ಕೊನೆಯಲ್ಲಿ, ಒಳಗಡೆ, ರಕ್ತನಾಳಗಳಿಂದ ಕೂಡಿದ ಮೂರು ಸಣ್ಣ ಮೆತ್ತೆಗಳು ಇರುತ್ತವೆ. ಇವು ಕಾಯಿಲೆಯಲ್ಲ. ಹೆಣ್ಣು ಗಂಡು ಮಕ್ಕಳು ಎಲ್ಲರಲ್ಲೂ ಹುಟ್ಟಿನಿಂದಲೇ ಇರುತ್ತವೆ. ನಲ್ಲಿಯ ಒಳಗೆ ವಾಷರ್ ಇದ್ದ ಹಾಗೆ, ಗಾಳಿ ಮತ್ತು ನೀರಾದ ಮಲ ತಾನಾಗಿ ಸೋರದಂತೆ ಅವು ಬಾಗಿಲು ಮುಚ್ಚಿರುತ್ತವೆ. ಥಾಮ್ಸನ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯರು 1975ರಲ್ಲಿ ಇದನ್ನು ವಿವರಿಸಿ ಬರೆದ ಮೇಲೆ ವೈದ್ಯರಿಗೂ ಈ ವಿಷಯ ಸ್ಪಷ್ಟವಾಯಿತು. ಗಟ್ಟಿ ಮಲಕ್ಕಾಗಿ ದಿನವೂ ತಿಣುಕಿ ತಿಣುಕಿ ಈ ಮೆತ್ತೆಗಳು ಊದಿಕೊಳ್ಳುತ್ತವೆ, ಅವನ್ನು ಹಿಡಿದಿರುವ ಎಳೆಗಳು ಸಡಿಲವಾಗುತ್ತವೆ, ಮೆತ್ತೆ ಕೆಳಗೆ ಜಾರುತ್ತದೆ. ಮಲ ಉಜ್ಜಿಕೊಂಡು ಹೋಗುವಾಗ ರಕ್ತ ಬರುತ್ತದೆ. ಇದೇ ಮೂಲವ್ಯಾಧಿ.

ಮೊದಲನೇ ಹಂತದಲ್ಲಿ ಮೆತ್ತೆ ಒಳಗೇ ಇರುತ್ತದೆ, ರಕ್ತ ಮಾತ್ರ ಬರುತ್ತದೆ. ಎರಡನೆಯದರಲ್ಲಿ ಕಕ್ಕಸಿಗೆ ಕೂತಾಗ ಗಂಟು ಹೊರಗೆ ಬಂದು, ಎದ್ದ ಮೇಲೆ ತಾನೇ ಒಳಗೆ ಹೋಗುತ್ತದೆ. ಮೂರನೆಯದರಲ್ಲಿ ಬೆರಳಿಂದ ಒಳಗೆ ತಳ್ಳಬೇಕು. ನಾಲ್ಕನೆಯದರಲ್ಲಿ ತಳ್ಳಿದರೂ ಹೋಗುವುದಿಲ್ಲ. ನಾನು ಹೇಳಿದ ಆ ತಾಯಿ ಎರಡನೇ ಹಂತದಲ್ಲಿದ್ದರು. ಗಂಟು ಸಣ್ಣದಿದ್ದರೂ ರಕ್ತ ಇಷ್ಟು ಹೋಗಬಹುದು ಅನ್ನೋದನ್ನು ಗಮನಿಸಿ.

ಒಳಗಿನ ಮೂಲವ್ಯಾಧಿಗೆ ಸಾಮಾನ್ಯವಾಗಿ ನೋವು ಇರುವುದಿಲ್ಲ. ಆ ಜಾಗದ ಒಳಗಡೆ ನಮ್ಮ ಚರ್ಮಕ್ಕೆ ಇರುವಂಥ ನೋವಿನ ನರಗಳಿಲ್ಲ. ತಾಜಾ ಕೆಂಪು ರಕ್ತ, ಮಲದ ಜೊತೆ ಬೆರೆಯದೆ, ಕೊನೆಯಲ್ಲಿ ತೊಟ್ಟು ತೊಟ್ಟಾಗಿ ಬೀಳುತ್ತದೆ. ನೋವಿಲ್ಲ ಅನ್ನುವ ಕಾರಣಕ್ಕೇ ಹೆಂಗಸರು ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಬಾಗಿಲ ಹೊರಗೆ ಚರ್ಮದ ಕೆಳಗೆ ಆಗುವ ಗಂಟು ಬೇರೆ. ಅದರಲ್ಲಿ ರಕ್ತ ಹೆಪ್ಪುಗಟ್ಟಿದರೆ ದ್ರಾಕ್ಷಿ ಗಾತ್ರದ ನೀಲಿ ಗಂಟು ಒಂದೇ ದಿನದಲ್ಲಿ ಎದ್ದು, ಕೂರಲು ನಿಲ್ಲಲು ಆಗದಷ್ಟು ನೋವಾಗುತ್ತದೆ. ಎರಡು ಮೂರು ದಿನ ನೋವು ಹೆಚ್ಚು, ಆಮೇಲೆ ತಾನಾಗಿ ಇಳಿಯುತ್ತದೆ. ಮೊದಲ ಮೂರು ದಿನದೊಳಗೆ ಆಸ್ಪತ್ರೆಗೆ ಹೋದರೆ ಮರಗಟ್ಟಿಸಿ ಹೆಪ್ಪು ತೆಗೆಯುತ್ತಾರೆ, ಆರಾಮವಾಗುತ್ತದೆ.

ಇನ್ನು, "ಮೂಲವ್ಯಾಧಿ" ಅಂತ ನನ್ನ ಹತ್ತಿರ ಬಂದವರಲ್ಲಿ ಕೆಲವರಿಗೆ ಇದ್ದದ್ದು ಮೂಲವ್ಯಾಧಿಯೇ ಅಲ್ಲ, ಬಿರುಕು. ಡಾಕ್ಟರು ಫಿಶರ್ ಅಂತಾರೆ. ಗಟ್ಟಿ ಮಲ ಬಂದಾಗ ಬಾಗಿಲ ಹತ್ತಿರ ಚರ್ಮ ಸೀಳುತ್ತದೆ. ಹೋಗುವಾಗ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿ, ಹೋಗಿ ಬಂದ ಮೇಲೂ ಗಂಟೆಗಟ್ಟಲೆ ನೋವು, ರಕ್ತ ಮಾತ್ರ ಸ್ವಲ್ಪ. ಇದಕ್ಕೆ ಮುಲಾಮು ಬೇರೆ, ಚಿಕಿತ್ಸೆ ಬೇರೆ. ಪಕ್ಕದಲ್ಲಿ ಸಣ್ಣ ತೂತಿನಿಂದ ಕೀವು ಬರುತ್ತಿದ್ದರೆ ಅದು ಫಿಸ್ಟುಲಾ, ಅದೂ ಬೇರೆ. ಮೂರಕ್ಕೂ ಒಂದೇ ಪುಡಿ ಕೊಡುವವನಿಗೆ ಮೂರರ ವ್ಯತ್ಯಾಸ ಗೊತ್ತಿಲ್ಲ ಅಂತಲೇ ಅರ್ಥ.

ನಮ್ಮ ಹೆಂಗಸರಿಗೆ ಯಾಕೆ ಬರುತ್ತದೆ?

"ಉಷ್ಣಕ್ಕೆ ಸಿಸ್ಟರ್" ಅನ್ನೋದು ಎಲ್ಲರ ಉತ್ತರ. ಕೋಳಿ ತಿಂದದ್ದಕ್ಕೆ, ಬದನೆಕಾಯಿ ತಿಂದದ್ದಕ್ಕೆ, ಬಿಸಿ ಬಂಡೆ ಮೇಲೆ ಕೂತದ್ದಕ್ಕೆ ಅಂತಾರೆ. ಬಿಸಿ ಬಂಡೆಯಿಂದ ಮೂಲವ್ಯಾಧಿ ಬರುವುದಿಲ್ಲ. ಖಾರ ತಿಂದರೆ ಇರುವ ಉರಿ ಜಾಸ್ತಿ ಆಗಬಹುದು, ಅಷ್ಟೆ. ಆದರೆ ಹಿರಿಯರು "ಉಷ್ಣ" ಅಂತ ಹೇಳುವಾಗ ನೀರು ಕಡಿಮೆ, ಮಜ್ಜಿಗೆ ಅಂಬಲಿ ಕಡಿಮೆ ಅನ್ನುವ ಅರ್ಥದಲ್ಲಿ ಹೇಳಿದರೆ ಅದು ನಿಜ.

ಮುಖ್ಯ ಕಾರಣ ಮಲಬದ್ಧತೆ. ಮಲಬದ್ಧತೆ ಯಾಕೆ ಅಂದರೆ, ನನ್ನ ಅನುಭವದಲ್ಲಿ ನಮ್ಮ ಹೆಂಗಸರ ವಿಷಯದಲ್ಲಿ ಮೊದಲ ಕಾರಣ ತಡೆದುಕೊಳ್ಳುವುದು. 2014ರಲ್ಲಿ ಸ್ವಚ್ಛ ಭಾರತ ಯೋಜನೆ ಶುರುವಾದ ಮೇಲೆ ಎಷ್ಟೋ ಮನೆಗೆ ಶೌಚಾಲಯ ಬಂದಿದೆ. ಆದರೆ ಕೆಲವು ಮನೆಗಳಲ್ಲಿ ಅದರೊಳಗೆ ಸೌದೆ ಇದೆ, ಕೆಲವು ಕಡೆ ನೀರಿಲ್ಲ, ಇನ್ನು ಕೆಲವು ಕಡೆ ಗುಂಡಿ ತುಂಬುತ್ತೆ ಅಂತ ಮನೆ ಗಂಡಸರೇ ಬೀಗ ಹಾಕಿದ್ದನ್ನು ನೋಡಿದ್ದೇನೆ. ಹೊಲಕ್ಕೆ ಕೂಲಿಗೆ ಹೋದವರಿಗೆ ಮರೆ ಎಲ್ಲಿದೆ? ಬೆಳಿಗ್ಗೆ ಕತ್ತಲಲ್ಲೇ ಗಾರ್ಮೆಂಟ್ಸ್ ಬಸ್ಸು ಹತ್ತುವ ಹುಡುಗಿಯರಿಗೆ ಮನೆಯಲ್ಲಿ ಸಮಯ ಇಲ್ಲ, ಅಲ್ಲಿ ಹೋದರೆ ಮಿಷನ್ ಬಿಟ್ಟು ಏಳುವ ಹಾಗಿಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ತೆಗೆಯುವ ಹೆಂಗಸರು ಬಿಸಿನೀರಿನ ಬೇಸಿನ್ ಮುಂದೆ ದಿನವೆಲ್ಲಾ ಕೂತಿರುತ್ತಾರೆ. ಕಕ್ಕಸಿಗೆ ಹೋಗಬೇಕಾಗುತ್ತೆ ಅಂತ ನೀರೇ ಕುಡಿಯುವುದಿಲ್ಲ.

ದೇಹ ಕರೆದಾಗ ಹೋಗದೆ ತಡೆದರೆ, ದೊಡ್ಡ ಕರುಳು ಮಲದಲ್ಲಿರುವ ನೀರನ್ನು ವಾಪಸ್ ಎಳೆದುಕೊಳ್ಳುತ್ತಲೇ ಇರುತ್ತದೆ. ಬೆಳಿಗ್ಗೆ ಮೆತ್ತಗಿದ್ದದ್ದು ಸಂಜೆಗೆ ಉಂಡೆಯಾಗುತ್ತದೆ. ದಿನಾ ಹೀಗೇ ಮಾಡಿದರೆ ಕರುಳು ಕರೆಯುವುದನ್ನೇ ಬಿಡುತ್ತದೆ.

ಎರಡನೆಯದು ಊಟ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಮುದ್ದೆ ತಿರುವುವ ಕೈಗಳು ಕಡಿಮೆಯಾಗಿವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿ ನೋಡಿ: 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ನಾರು ಜೀರ್ಣವಾಗುವುದಿಲ್ಲ. ಅದು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ ಇಡುತ್ತದೆ. ದೊಡ್ಡವರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ಹಿಟ್ಟನ್ನು ಬಟ್ಟೆಯಲ್ಲಿ ಜರಡಿ ಹಿಡಿದು ತವುಡೆಲ್ಲಾ ತೆಗೆದರೆ ನಾರೂ ಹೋಗುತ್ತದೆ, ಅದೂ ನೆನಪಿರಲಿ.

ಮೂರನೆಯದು ಬಸಿರು ಬಾಣಂತನ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಯಾಕಂದ್ರೆ ಬಹಳ ಜನ "ಎರಡನೇ ಹೆರಿಗೆ ಆದಮೇಲೆ ಶುರುವಾಯ್ತು" ಅಂತಲೇ ಹೇಳುತ್ತಾರೆ.

ಹೊಟ್ಟೆಯಲ್ಲಿ ಮಗು ಬೆಳೆದಂತೆ ಗರ್ಭಕೋಶ ಹಿಂದಿನ ರಕ್ತನಾಳಗಳ ಮೇಲೆ ಭಾರ ಹಾಕುತ್ತದೆ, ಕೆಳಗಿನಿಂದ ರಕ್ತ ಮೇಲೆ ಹೋಗುವುದು ನಿಧಾನವಾಗುತ್ತದೆ. ಬಸುರಿಯ ದೇಹದಲ್ಲಿ ಹಾರ್ಮೋನ್ ಬದಲಾಗಿ ಕರುಳಿನ ಚಲನೆಯೂ ನಿಧಾನ. ಅದರ ಮೇಲೆ ಕಬ್ಬಿಣದ ಮಾತ್ರೆ. ಕಬ್ಬಿಣದ ಮಾತ್ರೆಯಿಂದ ಮಲ ಗಟ್ಟಿಯಾಗುವುದು, ಕಪ್ಪಾಗುವುದು ನಿಜ. ಅದಕ್ಕೇ ಎಷ್ಟೋ ಹುಡುಗಿಯರು ಮಾತ್ರೆಯನ್ನು ಟ್ರಂಕಿನಲ್ಲಿ ಬಚ್ಚಿಟ್ಟು "ನುಂಗಿದೆ" ಅಂತ ಆಶಾ ಅಕ್ಕನಿಗೆ ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ ಇದೆ. ಮಾತ್ರೆ ನುಂಗಿ, ಜೊತೆಗೆ ನೀರು, ಸೊಪ್ಪು, ಹಣ್ಣು ಹೆಚ್ಚಿಸಿ. ಕಾಫಿ ಟೀ ಜೊತೆ ಮಾತ್ರೆ ಬೇಡ. ಆದರೂ ತೊಂದರೆಯಾದರೆ ಆಶಾ ಅಕ್ಕನಿಗೋ ನರ್ಸಮ್ಮನಿಗೋ ಹೇಳಿ, ಬಸುರಿಯರಿಗೆ ಕೊಡಬಹುದಾದ ಮಲ ಮೆತ್ತಗೆ ಮಾಡುವ ಔಷಧಿಗಳಿವೆ. ಅಂಗಡಿಯಿಂದ ಜುಲಾಬಿನ ಮಾತ್ರೆ ತಂದು ನುಂಗಬೇಡಿ.

ಹೆರಿಗೆ ಆದ ಮೇಲೆ ಬಾಣಂತನ. ಅತ್ತೆಯವರು, ಅಜ್ಜಿಯವರು ಪ್ರೀತಿಯಿಂದಲೇ ಮಾಡುತ್ತಾರೆ, ನಾನು ಅದನ್ನು ಹೀಗಳೆಯುವುದಿಲ್ಲ. ಆದರೆ ಬಾಣಂತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ, ಅನ್ನ ಮಾತ್ರ. ಸೊಪ್ಪು ಕೊಟ್ಟರೆ ಮಗುವಿಗೆ ಭೇದಿ, ಹಣ್ಣು ಕೊಟ್ಟರೆ ಶೀತ, ನೀರು ಕೊಟ್ಟರೆ ಹೊಟ್ಟೆ ಬರುತ್ತೆ. ಒಂದು ದಿನಕ್ಕೆ ಎರಡೇ ಲೋಟ ನೀರು ಕೊಟ್ಟ ಮನೆ ನಾನೇ ನೋಡಿದ್ದೇನೆ. ಮಗುವಿಗೆ ಹಾಲು ಕೊಡುವ ತಾಯಿಗೆ ನೀರು ಇನ್ನೂ ಹೆಚ್ಚು ಬೇಕು. ಅವಳಿಗೆ ಹೊಲಿಗೆ ಬೇರೆ ಹಾಕಿರುತ್ತಾರೆ, ಮಲ ಕಲ್ಲಾಗಿರುತ್ತದೆ, ಹೊಲಿಗೆ ಬಿಟ್ಟೀತು ಅನ್ನುವ ಹೆದರಿಕೆಗೆ ಮೂರು ನಾಲ್ಕು ದಿನ ಹೋಗುವುದೇ ಇಲ್ಲ. ಹೊರಗೆ ಬಂದ ಮೂಲ ಒಳಗೆ ಹೋಗದಿರುವುದು ಇಲ್ಲಿಂದಲೇ. ಅಜ್ಜಿಯವರ ಜೊತೆ ಜಗಳ ಬೇಡ. ಬಿಸಿನೀರೇ ಕೊಡಲಿ, ಜೀರಿಗೆ ಹಾಕಿ ಕುದಿಸಿಯೇ ಕೊಡಲಿ, ಆದರೆ ಲೆಕ್ಕ ಇಡದೆ ಕೊಡಲಿ. ಬೇಯಿಸಿದ ನುಗ್ಗೆ ಸೊಪ್ಪು, ದಂಟಿನ ಸೊಪ್ಪು ಕೊಡಲಿ. ಒಂದು ಹಳ್ಳಿಯಲ್ಲಿ ಸಂಘದ ಹಿರಿಯ ಸದಸ್ಯೆಯೊಬ್ಬರೇ ಇದನ್ನು ಸೊಸೆಗೆ ಮಾಡಿ ತೋರಿಸಿದರು. ನಾನು ಹತ್ತು ಸಲ ಹೇಳಿದ್ದಕ್ಕಿಂತ ಅದು ಕೆಲಸ ಮಾಡಿತು.

ತಲೆ ಮೇಲೆ ಭಾರ ಹೊರುವುದು, ಹಳೆಯ ಕೆಮ್ಮು, ದಪ್ಪ ಮೈ, ಇವೂ ಸೇರಿಕೊಳ್ಳುತ್ತವೆ. ಈಗ ಇನ್ನೊಂದು ಹೊಸದು: ಕಕ್ಕಸಿನೊಳಗೆ ಮೊಬೈಲ್. ನಮ್ಮ ಭಾರತೀಯ ಕಕ್ಕಸು ಒಳ್ಳೆಯದೇ, ಕುಕ್ಕರಗಾಲಲ್ಲಿ ಕೂತರೆ ಮಲ ಸುಲಭವಾಗಿ ಬರುತ್ತದೆ. ಆದರೆ ಐದು ನಿಮಿಷಕ್ಕಿಂತ ಹೆಚ್ಚು ಕೂತು ತಿಣುಕಬಾರದು. ಬರದಿದ್ದರೆ ಎದ್ದು ಬನ್ನಿ, ಮತ್ತೆ ಕರೆದಾಗ ಹೋಗಿ.

ಮನೆಯಲ್ಲೇ ಏನು ಮಾಡಬಹುದು?

ಮೊದಲ ಎರಡು ಹಂತದವರಿಗೆ ಬಹುಪಾಲು ಇಷ್ಟರಲ್ಲೇ ಹತೋಟಿಗೆ ಬರುತ್ತದೆ. ದಿನಕ್ಕೆ ಒಂದು ಹೊತ್ತಾದರೂ ಮುದ್ದೆ. ಬೆರಕೆ ಸೊಪ್ಪಿನ ಮಸ್ಸೊಪ್ಪು, ಹುರುಳಿ ಬಸ್ಸಾರು, ಅವರೆ, ಅಲಸಂದೆ ಕಾಳು. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಅಣ್ಣೆ ಸೊಪ್ಪಿಗೆ ದುಡ್ಡು ಕೊಡಬೇಕಾಗಿಲ್ಲ. ಹಣ್ಣಿನಲ್ಲಿ ಸೀಬೆಹಣ್ಣು ಎಲ್ಲಕ್ಕಿಂತ ಒಳ್ಳೆಯದು, 100 ಗ್ರಾಂಗೆ 8 ಗ್ರಾಂಗೂ ಹೆಚ್ಚು ನಾರಿದೆ. ಮಾರಲು ಕಳಿಸುವ ಬುಟ್ಟಿಯಿಂದ ಎರಡು ಹಣ್ಣು ನಿಮಗಾಗಿ ತೆಗೆದಿಡಿ, ಮಕ್ಕಳಿಗೆ ಗಂಡನಿಗೆ ಹಂಚಿ ಉಳಿದರೆ ತಿನ್ನುತ್ತೇನೆ ಅನ್ನಬೇಡಿ. ನಾರನ್ನು ಒಂದೇ ದಿನ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ, ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ನಾರು ತಿಂದು ನೀರು ಕುಡಿಯದಿದ್ದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ದಿನಕ್ಕೆ ಎರಡು, ಎರಡೂವರೆ ಲೀಟರ್ ಬೇಕು, ಬಿಸಿಲಲ್ಲಿ ಕೆಲಸ ಮಾಡುವವರಿಗೆ ಇನ್ನೂ ಹೆಚ್ಚು. ಹೃದಯ, ಕಿಡ್ನಿ ಕಾಯಿಲೆಗೆ ನೀರು ಕಡಿಮೆ ಕುಡಿಯಲು ಹೇಳಿಸಿಕೊಂಡವರು ವೈದ್ಯರನ್ನು ಕೇಳಿಯೇ ಕುಡಿಯಿರಿ. ನಮ್ಮ ಜಿಲ್ಲೆಯಲ್ಲಿ ಆಳದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳು ಬಹಳ, ಅಲ್ಲಿ ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಬೇಕು.

ಊಟದಿಂದ ಸಾಲದಿದ್ದರೆ ಇಸಬ್‌ಗೋಲ್ ಹೊಟ್ಟು. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ರಾತ್ರಿ ಎರಡು ಚಮಚ ಒಂದು ದೊಡ್ಡ ಲೋಟ ನೀರಿಗೆ ಕಲಸಿ ತಕ್ಷಣ ಕುಡಿಯಬೇಕು, ಮೇಲೆ ಇನ್ನೊಂದು ಲೋಟ ನೀರು. ಇದು ಜುಲಾಬಲ್ಲ, ಬರೀ ನಾರು. ಏಳು ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯಲ್ಲಿ, ಇಂಥ ನಾರು ತಗೊಂಡ ಮೂಲವ್ಯಾಧಿ ರೋಗಿಗಳಲ್ಲಿ ರಕ್ತ ಬೀಳುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಆದರೆ ನಾಲ್ಕು ದಿನದಲ್ಲಿ ಅಲ್ಲ, ಒಂದೂವರೆ ತಿಂಗಳು ಬಿಡದೆ ತಗೊಳ್ಳಬೇಕು.

ನೋವು ಉರಿ ಇರುವಾಗ ಅಗಲವಾದ ಟಬ್ಬಿನಲ್ಲಿ ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂರಿ, ದಿನಕ್ಕೆ ಎರಡು ಮೂರು ಸಲ. ಉಪ್ಪು, ಡೆಟಾಲು ಯಾವುದೂ ಬೇಕಿಲ್ಲ. ಆ ಟಬ್ಬನ್ನು ಬೇರೆಯದಕ್ಕೆ ಬಳಸಬೇಡಿ. ಮುಲಾಮು ನೋವು ಮರೆಸುತ್ತದೆ, ಮೂಲವನ್ನು ಕರಗಿಸುವುದಿಲ್ಲ. ವೈದ್ಯರು ಹೇಳದೆ ಒಂದು ವಾರಕ್ಕಿಂತ ಹೆಚ್ಚು ಹಚ್ಚಬಾರದು, ಚರ್ಮ ತೆಳುವಾಗುತ್ತದೆ.

ಸುವರ್ಣಗಡ್ಡೆ ಒಳ್ಳೆಯದಾ ಅಂತ ಬಹಳ ಜನ ಕೇಳುತ್ತಾರೆ. ಸಂಸ್ಕೃತದಲ್ಲಿ ಅದಕ್ಕೆ ಅರ್ಶೋಘ್ನ, ಅಂದರೆ ಮೂಲವ್ಯಾಧಿಯನ್ನು ಕೊಲ್ಲುವುದು, ಅಂತಲೇ ಹೆಸರಿದೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿ ಪಲ್ಯ ಮಾಡಿ ತಿನ್ನಿ, ತರಕಾರಿಯಾಗಿ ಅದು ಒಳ್ಳೆಯದೇ. ಮೂಲಂಗಿ, ಬಾಳೆಹೂ, ಮಜ್ಜಿಗೆ ಕೂಡ ಹಾಗೇ. ಆದರೆ ರಕ್ತ ಬೀಳುತ್ತಿರುವಾಗ ಪಲ್ಯವನ್ನೇ ನಂಬಿ ಕೂರಬೇಡಿ. ಸುಣ್ಣ, ಗೇರುಬೀಜದ ಎಣ್ಣೆ, ಯಾರೋ ಕೊಟ್ಟ ಸುಡುವ ಪುಡಿ ಆ ಜಾಗಕ್ಕೆ ಹಚ್ಚಲೇಬೇಡಿ. ಸುಟ್ಟ ಗಾಯ ಮಾಯುವಾಗ ದಾರಿಯೇ ಕಿರಿದಾಗಿ, ಜೀವನಪೂರ್ತಿ ತೊಂದರೆಯಾಗುತ್ತದೆ.

ರಕ್ತ ಬಂದರೆಲ್ಲಾ ಮೂಲವ್ಯಾಧಿ ಅಲ್ಲ

ಇದು ಬರೆಯಲು ನನಗೆ ಕಷ್ಟದ ಭಾಗ. ಕೆಲವು ವರ್ಷದ ಹಿಂದೆ ನಮ್ಮ ಇನ್ನೊಂದು ಸಂಘದ ಐವತ್ತು ದಾಟಿದ ಸದಸ್ಯೆಯೊಬ್ಬರು ಮೂಲವ್ಯಾಧಿ ಅಂತ ಒಂದು ವರ್ಷ ನಾಟಿ ಔಷಧಿ ಮಾಡಿದರು. ರಕ್ತ ಮಲದ ಜೊತೆ ಬೆರೆತು ಬರುತ್ತಿತ್ತು, ಲೋಳೆಯೂ ಇತ್ತು. ಹೋಗಿ ಬಂದರೂ ಇನ್ನೂ ಇದೆ ಅನ್ನಿಸುತ್ತಿತ್ತು. ಮೈ ಇಳಿಯಿತು. ಕೊನೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದಾಗ ಅದು ಗುದನಾಳದ ಕ್ಯಾನ್ಸರ್ ಅಂತ ಗೊತ್ತಾಯಿತು, ಬಹಳ ಮುಂದುವರಿದಿತ್ತು. ಅವರು ಈಗ ನಮ್ಮ ಜೊತೆ ಇಲ್ಲ. ಆ ವರ್ಷವೆಲ್ಲಾ ನಾನು ಅವರ ಜೊತೆ ತಿಂಗಳಿಗೆ ಎರಡು ಸಲ ಸಭೆಯಲ್ಲಿ ಕೂತಿದ್ದೆ. ಸಾಲ, ಬಡ್ಡಿ, ಹಸು ವಿಮೆ ಎಲ್ಲಾ ಕೇಳಿದ್ದೆ. ಇದೊಂದನ್ನು ಕೇಳಿರಲಿಲ್ಲ.

ಆದ್ದರಿಂದ ರಕ್ತ ಕಂಡರೆ ಯಾವ ವಯಸ್ಸಿನವರೂ ಒಂದು ಸಲ ವೈದ್ಯರಿಗೆ ತೋರಿಸಿ. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದವರು ಒಂದು ವಾರವೂ ಮುಂದೆ ಹಾಕಬೇಡಿ. ರಕ್ತ ಮಲದೊಳಗೆ ಬೆರೆತಿದ್ದರೆ, ಲೋಳೆ ಇದ್ದರೆ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಅಂತ ಅಭ್ಯಾಸವೇ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ, ತಲೆಸುತ್ತು ಏದುಸಿರು ಇದ್ದರೆ ತಕ್ಷಣ ಹೋಗಬೇಕು. ಕಬ್ಬಿಣದ ಮಾತ್ರೆ ನುಂಗದೆಯೇ ಮಲ ಡಾಂಬರಿನಂತೆ ಕಪ್ಪಾಗಿದ್ದರೆ ರಕ್ತ ಮೇಲಿನಿಂದ, ಹೊಟ್ಟೆಯಿಂದ ಬರುತ್ತಿರಬಹುದು. ಗಂಟಿನ ಜೊತೆ ಜ್ವರ, ಅಥವಾ ಹೊರಬಂದ ಗಂಟು ಕಪ್ಪಾಗಿ ವಿಪರೀತ ನೋವಿದ್ದರೆ ಅದೇ ದಿನ ಆಸ್ಪತ್ರೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಎಲ್ಲರ ಹೆದರಿಕೆ ಇದೇ. ಬಟ್ಟೆ ಬಿಚ್ಚಬೇಕು, ಗಂಡಸು ಡಾಕ್ಟರು ನೋಡುತ್ತಾರೆ. ನಿಜ ಹೇಳಬೇಕೆಂದರೆ ಎಡಕ್ಕೆ ಮಗ್ಗುಲಾಗಿ ಮಲಗಿ, ಮೊಣಕಾಲು ಮಡಚಿ, ಸೀರೆಯನ್ನು ಹಿಂದೆ ಮಾತ್ರ ಸರಿಸಿದರೆ ಸಾಕು. ಗ್ಲೌಸ್ ಹಾಕಿದ ಬೆರಳಿಂದ ನೋಡಲು ಒಂದು ನಿಮಿಷ, ಸಣ್ಣ ಕೊಳವೆ ಇಟ್ಟು ನೋಡಲು ಇನ್ನೊಂದೆರಡು ನಿಮಿಷ. ನರ್ಸಮ್ಮ ಅಥವಾ ಜೊತೆಗೆ ಬಂದ ಹೆಂಗಸು ಪಕ್ಕದಲ್ಲಿರಬೇಕು ಅಂತ ನೀವು ಕೇಳಬಹುದು, ಕೇಳಿ. ಹೆರಿಗೆ ಮಾಡಿಸಿಕೊಂಡು ಬಂದ ನಮಗೆ ಇದು ಅದಕ್ಕಿಂತ ದೊಡ್ಡದೇನಲ್ಲ. ಈ ಪರೀಕ್ಷೆ ಮಾಡದೆ, ನೋಡದೆ, ಬಾಯಿಮಾತಿಗೇ ಔಷಧಿ ಕೊಟ್ಟರೆ ಅಂಥವರ ಹತ್ತಿರ ಮತ್ತೆ ಹೋಗಬೇಡಿ.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅಲ್ಲಿಂದ ಅಗತ್ಯವಿದ್ದರೆ ಗೌರಿಬಿದನೂರಿನ ತಾಲ್ಲೂಕು ಆಸ್ಪತ್ರೆಗೆ, ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ನಗರಗೆರೆ ಕಡೆಯವರಿಗೆ ಹಿಂದೂಪುರ ಹತ್ತಿರ ಅನ್ನಿಸಬಹುದು, ಆದರೆ ಅದು ಆಂಧ್ರ. ನಮ್ಮ ರಾಜ್ಯದ ಸರ್ಕಾರಿ ಸೌಲಭ್ಯ ಬೇಕಿದ್ದರೆ ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ರೇಷನ್ ಕಾರ್ಡು, ಆಧಾರ್ ಎರಡೂ ಜೊತೆಗಿರಲಿ. 2018ರಿಂದ ಇರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆ ಸೇರುತ್ತದೆಯೇ ಅಂತ ಆಸ್ಪತ್ರೆಯಲ್ಲೇ ಮೊದಲು ಕೇಳಿ, ಆಮೇಲೆ ಸಾಲದ ಮಾತು.

ಊಟ, ಇಸಬ್‌ಗೋಲ್‌ನಿಂದ ನಿಲ್ಲದ ಎರಡನೇ ಹಂತಕ್ಕೆ, ಮೂರನೇ ಹಂತದ ಎಷ್ಟೋ ಜನಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ. 1963ರಿಂದ ಈ ವಿಧಾನ ಬಳಕೆಯಲ್ಲಿದೆ. ಊದಿದ ಮೆತ್ತೆಯ ಬುಡಕ್ಕೆ ಸಣ್ಣ ರಬ್ಬರ್ ಉಂಗುರ ತೊಡಿಸಿದರೆ ರಕ್ತ ಸಿಗದೆ ಅದು ಒಣಗಿ ಉದುರುತ್ತದೆ. ಕೊಯ್ಯುವುದಿಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ತಿಳಿದ ವೈದ್ಯರು ಮೆತ್ತೆಯನ್ನು ಕುಗ್ಗಿಸುವ ಇಂಜೆಕ್ಷನ್ ಕೂಡ ಕೊಡುತ್ತಾರೆ. ಬೋರ್ಡಿನವನು ಕೊಟ್ಟದ್ದೂ "ಇಂಜೆಕ್ಷನ್" ಅಂತ ಕೇಳಬೇಡಿ. ಏನು ಔಷಧಿ, ಎಷ್ಟು, ಎಲ್ಲಿ ಕೊಡಬೇಕು ಅನ್ನೋದರಲ್ಲೇ ಎಲ್ಲಾ ಇದೆ.

ನಾಲ್ಕನೇ ಹಂತಕ್ಕೆ, ದೊಡ್ಡ ಗಂಟುಗಳಿಗೆ ಆಪರೇಷನ್ ಬೇಕು. ಒಂದೆರಡು ವಾರ ನೋವಿರುತ್ತದೆ, ಪೂರ್ತಿ ಮಾಯಲು ತಿಂಗಳಾದರೂ ಬೇಕು. ನೀರು ಹೊರುವುದು, ಸೌದೆ ಹೊರುವುದು ಯಾರು ನೋಡಿಕೊಳ್ಳುತ್ತಾರೆ ಅಂತ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಸ್ಟೇಪ್ಲರ್, ಲೇಸರ್ ಅಂತ ಖಾಸಗಿಯವರು ಹೇಳಿದಾಗ ಗಾಬರಿಯಿಂದ ಒಡವೆ ಅಡವಿಡಬೇಡಿ. ನಿಮ್ಮ ಹಂತಕ್ಕೆ ಅದು ಬೇಕೇ ಬೇಕಾ ಅಂತ ಸರ್ಕಾರಿ ಆಸ್ಪತ್ರೆಯ ಸರ್ಜನ್ ಹತ್ತಿರ ಇನ್ನೊಂದು ಮಾತು ಕೇಳಿ. ಆಯುರ್ವೇದದಲ್ಲಿಯೂ ಶಸ್ತ್ರಚಿಕಿತ್ಸೆ ಇದೆ. ಸುಶ್ರುತ ಸಂಹಿತೆಯಲ್ಲಿ ಅರ್ಶಸ್ಸಿಗೆ ಔಷಧಿ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಚಿಕಿತ್ಸೆ ಹೇಳಿದೆ. ಅದನ್ನು ಓದಿ ಡಿಗ್ರಿ ಪಡೆದ ಆಯುರ್ವೇದ ವೈದ್ಯರು ಮಾಡಿದರೆ ಸರಿ. 2007ರ ಕಾಯ್ದೆ ಪ್ರಕಾರ ಕರ್ನಾಟಕದಲ್ಲಿ ಯಾವ ಖಾಸಗಿ ಕ್ಲಿನಿಕ್ ಆದರೂ ನೋಂದಣಿ ಮಾಡಿಸಿರಬೇಕು. ಒಳಗೆ ಹೋದ ಕೂಡಲೇ ನೋಂದಣಿ ಪತ್ರ ಎಲ್ಲಿದೆ ಅಂತ ನೋಡಿ. ಓದು ಬರದವರು ಪುಸ್ತಕ ಬರೆಯುವ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಇಲ್ಲ ಅಂದರೆ ಹಾಗೇ ಎದ್ದು ಬನ್ನಿ.

ಮೊದಲು ಹೇಳಿದ ಆ ತಾಯಿಗೆ ರಬ್ಬರ್ ಬ್ಯಾಂಡ್ ಹಾಕಿದರು. ಸಂಘದವರು ಕೂತು ಮಾತಾಡಿ ಹಳೇ ಸಾಲದ ಕಂತನ್ನು ಆರು ತಿಂಗಳು ಮುಂದೆ ಹಾಕಿದರು, ಇಬ್ಬರು ಸದಸ್ಯೆಯರು ಸರದಿ ಪ್ರಕಾರ ಅವರ ಹಸುವಿಗೆ ಹುಲ್ಲು ತಂದರು. ಏಳನೇ ದಿನ ಬೆಳಿಗ್ಗೆ ಫೋನ್ ಬಂತು: "ಸಿಸ್ಟರ್, ಮತ್ತೆ ರಕ್ತ!" ಎಷ್ಟು ಅಂತ ಕೇಳಿದೆ. ಒಂದೆರಡು ಚಮಚ ಇರಬಹುದು ಅಂದರು. ಬ್ಯಾಂಡ್ ಹಾಕಿದ ಐದರಿಂದ ಹತ್ತು ದಿನದೊಳಗೆ ಒಣಗಿದ ಗಂಟು ಉದುರುವಾಗ ಇಷ್ಟು ರಕ್ತ ಬರುವುದು ಸಹಜ, ನಿಲ್ಲದೆ ಸುರಿದರೆ, ಜ್ವರ ಬಂದರೆ, ಮೂತ್ರ ಕಟ್ಟಿದರೆ ಮಾತ್ರ ಓಡಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದರು, ಗಾಬರಿಯಲ್ಲಿ ಮರೆತಿದ್ದರು. ಮಧ್ಯಾಹ್ನದ ಹೊತ್ತಿಗೆ ನಿಂತಿತು. ಮುಂದಿನ ಸಭೆಗೆ ಬಂದು ಚಾಪೆಯ ಮೇಲೆ ಕೂತರು.